ಎಕೆ ಸಂತೆಯ ದಿನ ಬರುತ್ತೇವೆ

ಒನಿಚಾದಿಂದ

ತಮ್ಮ ಒಕ್ವುದಿಲಿಗೆ,

ಅಪ್ಪ ಸತ್ತ ವರ್ಷವೇ ನೀನು ಅಂಗಳದ ನಡುವೆ ಗೋಡೆ ಎಬ್ಬಿಸಿ, ಅಣ್ಣನ ಜೊತೆ ಮಾತು ಬಿಟ್ಟಿರುವುದು ತಿಳಿಯಿತು. ಬೈಯಲು ಬರೆಯುತ್ತಿಲ್ಲ. ಬರುವ ಎಕೆ ಸಂತೆಯ ದಿನ, ನಮ್ಮೂರಲ್ಲಿ ಹುಟ್ಟಿ ಹೊರಗೆ ಮದುವೆಯಾದ ಹೆಣ್ಣುಮಕ್ಕಳೆಲ್ಲ ಬರುತ್ತಿದ್ದೇವೆ, ಇಪ್ಪತ್ಮೂರು ಜನ. ನೀವಿಬ್ಬರೂ ರಾಜಿಯಾಗಿ ಒಂದೇ ಕೋಲಾ ಬೀಜ ಹಂಚಿಕೊಂಡು ತಿನ್ನುವವರೆಗೆ ಅಂಗಳ ಬಿಟ್ಟು ಏಳುವುದಿಲ್ಲ.

ಅಪ್ಪ ಚಿಕ್ಕಪ್ಪನ ಮೇಲೆ ಮುನಿಸಿಕೊಂಡಾಗ ಸೋದರತ್ತೆಯರು ಹೀಗೇ ಬಂದು ಕೂತು, ಅಪ್ಪನ ಹೆಸರು ಹಿಡಿದು ಛೇಡಿಸಿ ಹಾಡಿದ್ದು ನೆನಪಿದೆಯಾ? ಊರ ಹಿರಿಯರಿಗೂ ಬಗ್ಗದ ಅಪ್ಪ ಮೂರನೇ ದಿನ, "ಸಾಕ್ರೇ ತಾಯಂದಿರಾ, ಕರೀರಿ ಅವನನ್ನ!" ಅಂದುಬಿಟ್ಟ. ಗೆದ್ದು ಎದ್ದ ಅತ್ತೆಯರ ಆ ಗತ್ತು ಇನ್ನೂ ನನ್ನ ಕಣ್ಣಲ್ಲಿದೆ. ಹುಟ್ಟಿದರೆ ನಮ್ಮೂರಲ್ಲಿ ಹೆಣ್ಣಾಗಿಯೇ ಹುಟ್ಟಬೇಕು ಅನ್ನಿಸಿದ್ದು ಅವತ್ತೇ.

ಸೌದೆ ಒಡೆಸಿಡು. ಅಂದು ಹಾಡು ಎತ್ತಿದ್ದ ಅಫುಲೆನು ಅತ್ತೆಯೂ ಬರುತ್ತಾಳೆ. ಹಲ್ಲಿಲ್ಲ, ಗೆಡ್ಡೆಯನ್ನು ಬೇಯಿಸಿ ಮೆತ್ತಗೆ ಕುಟ್ಟಿಸು. ದನಿ ಮಾತ್ರ ಹಾಗೇ ಇದೆ, ನಿನ್ನ ಹೆಸರಿಗೂ ಹಾಡು ಕಟ್ಟಿಟ್ಟಿದ್ದಾಳೆ.

ನನಗೆ ಬೇರೆ ಕೋಣೆ ಬೇಡ. ಈಗ ಗೋಡೆ ನಿಂತಿದೆಯಲ್ಲ, ಆ ಜಾಗದಲ್ಲೇ ಚಾಪೆ ಹಾಸಿಡು.

ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದ ಅಕ್ಕ,
ಉಗೋಯೆ