ಬಾವಿಯೋ, ಗಿರಣಿಯೋ

ಇಂಡಿ
ರವಿವಾರ, ೧೭ ನವೆಂಬರ್ ೨೦೨೪

ಪ್ರೀತಿಯ ತರನ್ನುಮ,

ಬಸವನ ಬಾಗೇವಾಡಿಯಲ್ಲಿ ನೀನು, ನಿನ್ನ ಯಜಮಾನರು, ಮೊಮ್ಮಗಳು ಎಲ್ಲರೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ನನ್ನ ಮೇಲೆ ನಿನಗೆ ಸಿಟ್ಟಿದೆ ಎಂಬುದೂ ಗೊತ್ತು. ರಂಜಾನಿಗೆ ನೀನು ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಮೊಮ್ಮಗಳ ಹೆಸರಿಡುವ ದಿನ ಮಾಡಿದೆ, ಆಗಲೂ ಎತ್ತಲಿಲ್ಲ. ವಾಟ್ಸಾಪಿನಲ್ಲಿ ನೀನು ಗುಲಾಬಿ ಹೂವಿನ ಚಿತ್ರ ಕಳಿಸುತ್ತೀಯ, ನಾನು ಕೈ ಮುಗಿದ ಚಿತ್ರ ಕಳಿಸುತ್ತೇನೆ. ನಮ್ಮ ಗೆಳೆತನ ಅಷ್ಟಕ್ಕೇ ಬಂದು ನಿಂತಿತಲ್ಲ ಎಂದು ನನಗೇ ನಾಚಿಕೆಯಾಗಿ ಈ ಪತ್ರ ಬರೆಯಲು ಕೂತಿದ್ದೇನೆ. ತಡವಾದದ್ದಕ್ಕೆ ಬೈಯುವುದಿದ್ದರೆ ಮನಸಾರೆ ಬೈದುಬಿಡು, ಆಮೇಲೆ ಓದು.

ಫೋನ್ ಎತ್ತದ್ದು ಸೊಕ್ಕಿನಿಂದಲ್ಲ ಮಾರಾಯ್ತಿ, ಕಿವಿಯಿಂದ. ಬಲಗಿವಿ ಹೋಗಿ ಮೂರು ವರ್ಷವಾಯಿತು. ಎಡಗಿವಿ ಈಗ ಗಂಟುಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದೆ. ಮೊಣಕಾಲು ನೋವಿಗೆ ನೌಕರಿ ಬಿಟ್ಟೆ ಅಂತ ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಹಿಂದಿನ ಬೆಂಚಿನ ಹುಡುಗಿಯರು ಏನು ಕೇಳಿದರೂ "ಸರಿ, ಕೂಡು" ಅನ್ನುತ್ತಿದ್ದೆ. ಒಂದು ದಿನ ಒಬ್ಬಳು ಹೊಟ್ಟೆನೋವು, ಮನೆಗೆ ಹೋಗಲೇ ಎಂದು ಕೇಳಿದಳಂತೆ. ಅವಳಿಗೂ ಸರಿ, ಕೂಡು ಅಂದೆ. ಪಾಪ, ಅಳುತ್ತ ಕೂತಿತ್ತು ಮಗು. ಅವತ್ತೇ ಸಾಕು ಅನಿಸಿತು.

ಹುಬ್ಬಳ್ಳಿಯಲ್ಲಿ ತೋರಿಸಿದೆವು. ಕಿವಿಯ ಹಿಂದೆ ಕೊರೆದು ಒಳಗೊಂದು ಯಂತ್ರ ಕೂರಿಸುತ್ತಾರಂತೆ, ಡಿಸೆಂಬರ್ ಒಂಬತ್ತಕ್ಕೆ. ಡಾಕ್ಟರು ನಮ್ಮ ಕಡೆಯವರೇ. ನನಗೆ ತಿಳಿಯಲಿ ಅಂತ ಹೇಳಿದ್ದನ್ನೆಲ್ಲ ಚೀಟಿಯ ಮೇಲೆ ಬರೆದರು: "ಅಕ್ಕಾರ, ಮಾತು ಕೇಳೂ ಹಂಗ ಮಾಡ್ತೇನಿ. ಹಾಡಿಂದು ಮಾತ್ರ ಖಾತ್ರಿ ಕೊಡಾಕ ಆಗೂದಿಲ್ರಿ. ಈಗ ಉಳದಿದ್ದಷ್ಟೂ ಹೋಗಬಹುದು." ಹಾಡು ತಗಡು ಬಡಿದ ಹಾಗೆ ಕೇಳುತ್ತದಂತೆ. ನಾನು ಬೇಡವೇ ಬೇಡ ಅಂದೆ. ಆಗ ಮಗಳು ಪ್ರಿಯದರ್ಶಿನಿ ಎಡಗಿವಿಗೆ ಬಾಯಿ ಹಚ್ಚಿ ಕೂಗಿದಳು, "ಮಮ್ಮಿ, ನನ್ನ ಮಾತ ಕೇಳೂದು ಬ್ಯಾಡೇನ ನಿನಗ?" ಬೇಕಲ್ಲ. ಹೂಂ ಅಂದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈಗ ಎಡಗಿವಿಗೆ ಹಾಕುವ ಕೇಳುವ ಮಷೀನು ಹಾಕಿಕೊಂಡು ಅರ್ಧ ತಾಸು ಹಾಡು ಕೇಳಿದರೆ ತಲೆ ಸಿಡಿದು ವಾರವಿಡೀ ಕಿವಿ ಮಂಕಾಗುತ್ತದೆ. ಹಾಗಾಗಿ ಆಪರೇಶನ್ನಿಗೆ ಮುಂಚೆ ಕ್ಯಾಸೆಟ್ಟಿನ ಒಂದು ಬದಿ ಮಾತ್ರ ಕೇಳುವುದು, ಒಂದೇ ಒಂದು ಎಂದು ನಿಶ್ಚಯಿಸಿದ್ದೇನೆ. ಯಾವುದು? ನಮ್ಮ ಇಂಗ್ಲಿಷ್ ಹಾಡಿನ ಕ್ಯಾಸೆಟ್ಟುಗಳಲ್ಲಿ ಒಂದನೇ ನಂಬರು ಯಾವುದಕ್ಕೆ ಎಂದು ನೀನೂ ನಾನೂ ಕಾಲೇಜಿನಿಂದ ಜಗಳ ಮಾಡುತ್ತಲೇ ಬಂದಿದ್ದೇವೆ. ಆ ಜಗಳ ಈಗ ತೀರಬೇಕು. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಕಿವಿ ಹೋದವರಿಗೆ ಮಾತು ಜಾಸ್ತಿ, ಸಹಿಸಿಕೊ.

ಮುದ್ದೇಬಿಹಾಳದ ನಿಮ್ಮ ಮನೆ ಕಣ್ಣಿಗೆ ಕಟ್ಟಿದ ಹಾಗಿದೆ. ಪಡಸಾಲೆಯಲ್ಲಿ ನಿಮ್ಮಪ್ಪ ಚಮನಸಾಬ ಕಾಕಾರ ಹೊಲಿಗೆ ಯಂತ್ರ. ನಿಮ್ಮಣ್ಣ ಜುಲ್ಫಿಕರ ಲಾರಿಯಲ್ಲಿ ತೊಗರಿ ಹೇರಿಕೊಂಡು ಸೊಲ್ಲಾಪುರಕ್ಕೆ ಹೋದವನು, ಅಲ್ಲಿಯ ಅಂಗಡಿಯಿಂದ ಬಾಡಿಗೆ ಕ್ಯಾಸೆಟ್ಟು ತರುತ್ತಿದ್ದ. ಮೊದಲ ಸಲ ಕೊಡುವಾಗ ಅವನು ಅಂದದ್ದು ನೆನಪಿದೆಯಾ? "ಭಾರಿ ಅದಾವ ನೋಡ್ರಿ, ಕಿವಿ ತೂತ ಬೀಳ್ತಾವ." ಅವನ ಬಾಯಿ ಹತ್ತಿತು ನನಗೆ! ಮುಂದಿನ ಖೇಪಿಗೆ ತಿರುಗಿ ಕೊಡಬೇಕಿತ್ತು, ಅದಕ್ಕೆ ನಾವು ನಕಲು ಮಾಡಿಕೊಳ್ಳುತ್ತಿದ್ದೆವು. ನಮ್ಮ ಮನೆಯ ಟೇಪ್‌ರೆಕಾರ್ಡರನ್ನು ನಾನು ಟವೆಲ್ಲಿನಲ್ಲಿ ಸುತ್ತಿಕೊಂಡು ಬರಬೇಕು. ನಿಮ್ಮದನ್ನೂ ನಮ್ಮದನ್ನೂ ಎದುರುಬದುರು ಕೂರಿಸಿ, ಅದು ಹಾಡಬೇಕು, ಇದು ಕೇಳಬೇಕು. ನಾವು ಉಸಿರು ಬಿಗಿಹಿಡಿದು ಕೂರಬೇಕು. ಪಡಸಾಲೆಯ ಪ್ಲಗ್ಗು ಕಾಕಾರ ಇಸ್ತ್ರಿಗೆ ಮೀಸಲು. ಉಳಿದದ್ದು ಅಡುಗೆಮನೆಯ ಪ್ಲಗ್ಗೊಂದೇ, ಅದು ನಿಮ್ಮದಕ್ಕೆ; ನಮ್ಮದು ಸೆಲ್ಲಿನ ಮೇಲೆ.

ಕ್ಯಾಸೆಟ್ಟಿನ ಮೇಲೆ ಅಂಗಡಿಯ ನಂಬರು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಹಾಡಿದವರು ಯಾರೋ, ಯಾವ ದೇಶದವರೋ. ನಾವೇ ಹೆಸರಿಟ್ಟೆವು. ಪ್ರಿಯದರ್ಶಿನಿ ಹೋದ ವರ್ಷ ಫೋನಿನಲ್ಲಿ ಹುಡುಕಿ ಎಲ್ಲದರ ನಿಜವಾದ ಹೆಸರು ಹೇಳಿದಳು. "ಇದಕ್ಕ ಕ್ಲಾಸಿಕ್ ರಾಕ್ ಅಂತಾರ ಮಮ್ಮಿ, ಜಗತ್ತೆಲ್ಲ ಕೇಳೈತಿ," ಅಂದಳು. ಕೇಳಲಿ. ನಾನು ಆ ಹೆಸರುಗಳನ್ನು ನೆನಪಿಟ್ಟುಕೊಳ್ಳಲಿಲ್ಲ.

ಕೆಳಗಿನಿಂದ ಮೇಲಕ್ಕೆ ಬರುತ್ತೇನೆ. ಐದನೆಯದು 'ಹಲ್ಲುನೋವು', ಇದರಲ್ಲಿ ನಮಗೆ ತಕರಾರಿಲ್ಲ. ಹಾಡುವವನು ದವಡೆ ಹಿಡಿದುಕೊಂಡು ಚೀರಿದ ಹಾಗಿತ್ತಲ್ಲ, ಪಕ್ಕದ ಮನೆಯವರು ಬಂದು ಯಾರಿಗೆ ಏನಾಯಿತು ಎಂದು ಕೇಳಿದ್ದರು. ಈಗ ಗೊತ್ತಾಗಿದೆ, ಅವನ ತಪ್ಪಲ್ಲ. ನಮ್ಮ ರೆಕಾರ್ಡರಿನ ಸೆಲ್ಲು ಸಾಯುತ್ತಿದ್ದವು, ನಕಲು ಮಾಡುವಾಗ ಟೇಪು ನಿಧಾನ ಓಡಿತ್ತು; ಆಮೇಲೆ ಹೊಸ ಸೆಲ್ಲು ಹಾಕಿ ಕೇಳಿದರೆ ವೇಗ ಹೆಚ್ಚಿ ದನಿ ಹಾಗೆ ಕೀರಲಾಗುತ್ತಿತ್ತು. ಮಗಳು ನಿಜವಾದದ್ದನ್ನು ಹಾಕಿದರೆ ಗಂಭೀರ ಗಂಡು ದನಿ! ಅಷ್ಟು ವರ್ಷ ಆ ಮನುಷ್ಯನಿಗೆ ನಕ್ಕೆವು.

ನಾಲ್ಕನೆಯದು 'ರೈಲು'. ಮುದ್ದೇಬಿಹಾಳದಲ್ಲಿ ರೈಲಿಲ್ಲ, ನಾವಿಬ್ಬರೂ ರೈಲು ಹತ್ತಿದವರಲ್ಲ. ಆದರೂ ಆ ಡ್ರಮ್ಮು ಕೇಳಿ "ಇದು ರೈಲ ಐತಿ, ಬರೋಬ್ಬರಿ" ಎಂದು ನೀನು ಆಣೆ ಮಾಡಿದೆ. ಮದುವೆಯಾಗಿ ಇಂಡಿಗೆ ಬಂದಮೇಲೆ ನಿಲ್ದಾಣಕ್ಕೆ ಹೋಗಿ ನಿಂತು ಕೇಳಿದೆ ಕಣೇ. ಎಲ್ಲಿಯ ರೈಲು, ಎಲ್ಲಿಯ ಹಾಡು. ನಮ್ಮವರು "ಯಾರ ಬರಾವ್ರ ಇದ್ರು?" ಎಂದರು. ಗೆಳತಿ ಅಂದೆ. ಆಗ ನಿನ್ನ ನೆನಪು ತುಂಬ ಬಂದಿತ್ತು.

ಮೂರನೆಯದು 'ಸಿಂದಗಿ'. ಹಾಡಿಗೂ ಸಿಂದಗಿಗೂ ಏನೂ ಸಂಬಂಧವಿಲ್ಲ. ಅಲ್ಲಿ ನಿಮ್ಮ ಸೋದರಮಾವನ ಮದುವೆಗೆ ಒಯ್ದಾಗ ಯಂತ್ರ ಟೇಪನ್ನು ನುಂಗಿತು. ಕತ್ತರಿಸಿ ಉಗುರುಬಣ್ಣದಿಂದ ಅಂಟಿಸಿದವಳು ನೀನು. ಇವತ್ತಿಗೂ ಆ ಹಾಡನ್ನು ಗುನುಗಿದರೆ ಎರಡನೇ ಸಾಲಿನಿಂದ ನೆಟ್ಟಗೆ ಕೊನೆಯ ಸಾಲಿಗೆ ಹಾರುತ್ತೇನೆ. ನಡುವೆ ಏನಿದೆಯೋ ಈಗ ತಿಳಿಯುವ ಆಸೆಯಿಲ್ಲ.

ಎರಡನೆಯದು ನಿನ್ನ 'ಗಿರಣಿ'. ಮೂಗು ಮುರಿಯಬೇಡ! ಗಿಟಾರು ಹಿಟ್ಟಿನ ಗಿರಣಿ ಶುರುವಾದ ಹಾಗೆ ಗುರ್ ಎಂದು ಏರುವುದು ನನಗೂ ಇಷ್ಟವೇ. ಆದರೆ ಅದಕ್ಕೆ ಸೊಕ್ಕು ಬಹಳ, ಥೇಟು ನಿನ್ನ ಹಾಗೆ. ಮದುವೆಯ ಹೊತ್ತಿಗೆ ಕ್ಯಾಸೆಟ್ಟು ಹಂಚಿಕೊಂಡಾಗ ನೀನು ಬೇರೆ ಎಲ್ಲವನ್ನೂ ಬಿಟ್ಟುಕೊಟ್ಟು ಅದೊಂದನ್ನೇ ಕುಪ್ಪಸದಲ್ಲಿ ಸಿಕ್ಕಿಸಿಕೊಂಡೆ. ಇಟ್ಟುಕೊ. ಎರಡನೇ ನಂಬರೇ ಅದಕ್ಕೆ ಹೆಚ್ಚು.

ಒಂದನೆಯದು 'ಬಾವಿ'. ನೀರಿಲ್ಲದ ಬಾವಿಯೊಳಗೆ ಇಳಿದು ಯಾರನ್ನೋ ಕರೆದ ಹಾಗೆ ಹಾಡುತ್ತಾನೆ. ಅವಸರವಿಲ್ಲ. ಮೇಲೆ ಯಾರೂ ಇಣುಕದಿದ್ದರೂ ಕರೆಯುತ್ತಲೇ ಇರುತ್ತಾನೆ. ಇಪ್ಪತ್ತನೇ ವಯಸ್ಸಿನಲ್ಲಿ ಇಂಗ್ಲಿಷು ಅರ್ಧ ಅರ್ಥವಾಗುತ್ತಿತ್ತು, ದುಃಖ ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು. ಯುಗಾದಿಗೆ ಕೊನೆಯ ಸಲ ಕೇಳಿದೆ. ಮಂಕಾಗಿತ್ತು, ಆದರೆ ಎಲ್ಲ ಇತ್ತು.

ಅದರ ಬಗ್ಗೆ ಒಂದು ತಮಾಷೆ ಹೇಳಬೇಕು. ಮಗಳು ಅದರ ಮೂಲ ಹಾಡನ್ನು ಹಾಕಿದಾಗ ನಾನು, "ಇದು ತಪ್ಪೈತಿ, ಇದರಾಗ ಬಡಿತಾನ ಇಲ್ಲ," ಎಂದು ಜಗಳ ತೆಗೆದೆ. ತಪ್ ತಪ್ ತಪ್ ಎಂದು ದಪ್ಪಗೆ ಬರುತ್ತದಲ್ಲ, ಆ ಬಡಿತ. ಅವಳು ಮೂರು ಸಲ ಹಾಕಿ ತೋರಿಸಿದಳು. ಇಲ್ಲ! ಆಮೇಲೆ ಹೊಳೆಯಿತು. ಅದು ಡ್ರಮ್ಮಲ್ಲ, ನಿಮ್ಮವ್ವ. ಅವತ್ತು ಅಬಿದಾ ಕಾಕು ಒಲೆಯ ಮುಂದೆ ಹಲಗೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು, ನಮ್ಮ ರೆಕಾರ್ಡರು ಅದೇ ಹಲಗೆಯ ತುದಿಗೆ ಕೂತಿತ್ತು. "ಕಾಕು, ಒಂದೀಟ ನಿಲ್ಲಸ್ರಿ, ರೆಕಾರ್ಡ್ ಮಾಡ್ತೇವಿ," ಎಂದು ನಾನು ಬೇಡಿಕೊಂಡಿದ್ದೆ. "ಯಾಕ ನಿಲ್ಲಸ್ಲಿ? ಆ ಮಂದೀಗೂ ಗೊತ್ತಾಗ್ಲಿ, ಇಲ್ಲೊಂದು ಮನ್ಯಾಗ ರೊಟ್ಟಿ ಮಾಡಾಕತ್ತಾರಂತ," ಅಂದಳು. ನೀನು ಗುಂಡಿ ಒತ್ತಿದೆ. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಕೈ ಮಾತ್ರ ನಿಲ್ಲಿಸಲಿಲ್ಲ. ಇಷ್ಟು ವರ್ಷ ನಾನು ಅವಳ ಕೈಯನ್ನು ಯಾವನೋ ಬಿಳಿಯನ ಡ್ರಮ್ಮೆಂದು ಹೊಗಳುತ್ತ ಬಂದಿದ್ದೆ.

ಅಂತೂ ತೀರ್ಮಾನವಾಯಿತು, ಬಾವಿ. ಬುಧವಾರ ಮನೆಯಲ್ಲಿ ಯಾರೂ ಇರುವುದಿಲ್ಲ. ನಮ್ಮವರು ನಿಂಬೆಹಣ್ಣಿನ ಲಿಲಾವಿಗೆ, ಮಗಳು ಸಿಂದಗಿಯ ಕಾಲೇಜಿಗೆ. ಆಗ ಕೇಳಿ, ಹೇಗಿತ್ತೆಂದು ಕೆಳಗೆ ಎರಡು ಸಾಲು ಬರೆದು ಪತ್ರ ಅಂಚೆಗೆ ಹಾಕುತ್ತೇನೆ.

ಆಪರೇಶನ್ನಿಗೆ ಮುಂಚೆ ಒಮ್ಮೆ ಬಂದು ಹೋಗು. ವಿಜಾಪುರದಲ್ಲಿ ಒಂದು ಬಸ್ಸು ಬದಲಿಸಬೇಕು, ಅಷ್ಟೇ. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಮೊಮ್ಮಗಳಿಗೆ ನನ್ನ ಆಶೀರ್ವಾದ; ಅವಳಿಗೆ ನಿನ್ನ ಕಣ್ಣು ಬರಲಿ, ನನ್ನ ಕಿವಿ ಬೇಡ. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಜಗಳಗಂಟಿ,
ವಿದ್ಯಾವತಿ

ತಾ.ಕ.: ಇವತ್ತು ಗುರುವಾರ. ನಿನ್ನೆ ಕೇಳಿದೆ. ಬಾಗಿಲು ಹಾಕಿ, ಮಷೀನು ಸರಿಮಾಡಿಕೊಂಡು, ಟೇಪಿನ ದನಿ ಪೂರ್ತಿ ಏರಿಸಿ ಕೂತೆ. ಚಕ್ರ ತಿರುಗುತ್ತಿದೆ, ಏನೂ ಇಲ್ಲ. ಸ್ಪೀಕರಿನ ಮೇಲೆ ಕೈ ಇಟ್ಟರೆ ನಡುಗುತ್ತಿದೆ, ಆದರೂ ಏನೂ ಇಲ್ಲ. ಗಿಟಾರು ಹೋಗಿದೆ ತರನ್ನುಮ. ಬಾವಿಯೊಳಗಿನಿಂದ ಕರೆಯುತ್ತಿದ್ದವನೂ ಹೋಗಿದ್ದಾನೆ. ಯಾವುದನ್ನು ಕೇಳಲಿ ಎಂದು ಇಷ್ಟುದ್ದ ಬರೆದೆನಲ್ಲ, ಆರಿಸಿಕೊಳ್ಳಲು ನನ್ನ ಕಿವಿಯಲ್ಲಿ ಏನೂ ಉಳಿದೇ ಇರಲಿಲ್ಲ. ಚಿಕ್ಕ ಹುಡುಗಿಯ ಹಾಗೆ ಅತ್ತೆ.

ನಿಲ್ಲಿಸಬೇಕೆಂದು ಕೈ ಚಾಚಿದಾಗ ಕೇಳಿತು. ತಪ್, ತಪ್, ತಪ್. ಸಣ್ಣ ಸದ್ದೆಲ್ಲ ಹೋದರೂ ದಪ್ಪ ಸದ್ದು ಕೊನೆಯತನಕ ಇರುತ್ತದೆಂದು ಡಾಕ್ಟರು ಬರೆದಿದ್ದರು, ಇದೇ ಇರಬೇಕು. ಹಾಡೇ ಇಲ್ಲದ ಆ ಟೇಪಿನಲ್ಲಿ ಅಬಿದಾ ಕಾಕು ಒಬ್ಬಳೇ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವಳು ಹೋದ ದಿನ ನೀನು ನನ್ನ ತೋಳು ಹಿಡಿದು, "ಅವ್ವನ ಒಂದು ಧ್ವನಿ ಸೈತ ಎಲ್ಲೂ ಉಳೀಲಿಲ್ಲ ವಿದ್ಯಾ," ಎಂದು ಅತ್ತಿದ್ದೆ. ಅದಾಗಿ ಎರಡು ವರ್ಷ, ಅಷ್ಟೂ ದಿನ ಅದು ನನ್ನ ಕಪಾಟಿನಲ್ಲೇ ಇತ್ತು; ಕೈ ಅವಳದೆಂದು ಗೊತ್ತಾದ ಮೇಲೂ ನಿನ್ನ ಆ ಮಾತು ನನಗೆ ಹೊಳೆಯಲೇ ಇಲ್ಲ.

ಒಂದು ರೊಟ್ಟಿ ಮುಗಿಸಿ ಹಂಚಿಗೆ ಹಾಕುವಷ್ಟು ಹೊತ್ತು ಸುಮ್ಮನಾಗುತ್ತಾಳೆ. ಪ್ರತಿ ಸಲವೂ ನನ್ನ ಕಿವಿ ಹೋಯಿತು ಎಂದು ಹೆದರುತ್ತೇನೆ. ಮತ್ತೆ ಶುರುಮಾಡುತ್ತಾಳೆ. ಹೀಗೇ ಬಹಳ ಹೊತ್ತು ನಡೆಯಿತು. ಆಮೇಲೊಮ್ಮೆ ಸುಮ್ಮನಾದಳು, ಮತ್ತೆ ಶುರುಮಾಡಲಿಲ್ಲ. ನೋಡಿದರೆ ಚಕ್ರ ಇನ್ನೂ ತಿರುಗುತ್ತಲೇ ಇತ್ತು.

ನೀನು ಬಂದು ಆ ಕ್ಯಾಸೆಟ್ಟು ಒಯ್ಯಿ, ಅದು ನಿನ್ನದು. ಒಯ್ಯುವ ಮೊದಲು ನನ್ನ ಪಕ್ಕ ಕೂತು ಒಂದು ಸಲ ಕೇಳು. ಅಲ್ಲಿಂದ ಮುಂದೆ ಇನ್ನೂ ರೊಟ್ಟಿ ಇವೆಯೋ ಇಲ್ಲವೋ, ಹೇಳು.