ಅತ್ತೆ ಕೇಳಿದ ಮಾತ್ರೆ

ನುವಾಕ್ಷೋತ್, ಜನವರಿ 16, ಮಂಗಳವಾರ

ರಾತ್ರಿಯ ಮಾತ್ರೆ ನುಂಗಿ ಕೂತಿದ್ದೇನೆ. ಅಪ್ಪನ ತಂಗಿ ತೆಕ್ಬೆರ್ ಅತ್ತೆಯ ಪ್ರಶ್ನೆ ಮಾತ್ರ ತಲೆಯಿಂದ ಇಳಿಯುತ್ತಿಲ್ಲ.

ಮೈಯಲ್ಲಿ ಕಾರ್ಟಿಸೋಲ್ ಹಾರ್ಮೋನು ಏರಿ ನನ್ನ ಮುಖ ದುಂಡಗಾಗಿ, ಹೊಟ್ಟೆಯ ಮೇಲೆ ನೇರಳೆ ಗೆರೆಗಳೆದ್ದಾಗ ಇಡೀ ಬೀದಿ ನನ್ನನ್ನು ಹೊಗಳಿತ್ತು; ನಮ್ಮಲ್ಲಿ ಹೆಣ್ಣು ದಪ್ಪಗಿದ್ದಷ್ಟೂ ಚೆಲುವೆ. ಮೆಟ್ಟಿಲು ಹತ್ತಲಾರದೆ ನಡುವೆ ಕೂತರೂ ಗಂಡನ ಮನೆಯವರಿಗೆ ಹೆಮ್ಮೆಯೇ. ಅದನ್ನು ಇಳಿಸುವ ಮಾತ್ರೆ ಶುರುವಾಗಿ ನಾಲ್ಕು ತಿಂಗಳಾಯಿತು. ಈಗ ಮೆಟ್ಟಿಲು ಹತ್ತುತ್ತೇನೆ, ಕೆನ್ನೆಯ ಮೂಳೆ ಕಾಣುತ್ತದೆ, ನೋಡಿದವರೆಲ್ಲ ಅಯ್ಯೋ ಪಾಪ ಅನ್ನುತ್ತಾರೆ.

ಇವತ್ತು ಮೂರನೇ ಲೋಟ ಚಹಾ ಮುಗಿಸಿ ಅತ್ತೆ ನನ್ನ ಹತ್ತಿರ ಸರಿದರು.

"ಸಾಲ್ಕಾ, ಮುಂಚೆ ದಪ್ಪ ಆಗೋಕೆ ಯಾವ ಮಾತ್ರೆ ತಗೋತಿದ್ದೆ? ನಮ್ಮ ಮುನೀನಾ ಮದುವೆ ಹತ್ರ ಬಂತು. ಒಂಟೆ ಹಾಲು ಕುಡಿಸಿ ಕುಡಿಸಿ ಸಾಕಾಯ್ತು, ಮಗಳು ಇನ್ನೂ ಕಡ್ಡಿ ಥರಾನೇ ಇದ್ದಾಳೆ. ಹೆಸರು ಹೇಳೇ, ಮುಚ್ಚಿಡಬೇಡ."

"ಮಾತ್ರೆ ಅಲ್ಲ ಅತ್ತೆ, ಅದು ಕಾಯಿಲೆ. ಹಂಗೇ ಬಿಟ್ಟಿದ್ರೆ ಸತ್ತೇ ಹೋಗ್ತಿದ್ದೆ."

ಅತ್ತೆ ದನಿ ತಗ್ಗಿಸಿ ಕೇಳಿದರು: "ಅದು ಅಂಟುತ್ತಾ?"

"ಇಲ್ಲ, ಹೆದರಬೇಡಿ" ಎಂದೆ.

ಅತ್ತೆಯ ಮುಖ ಬಾಡಿಹೋಯಿತು.