ಬೂದಿಯ ಬಲ ಮುಂಗಾಲು

ಮಾರ್ಚ್ 3, ಬೆಳಿಗ್ಗೆ 6.10
ಬೂದಿಯ ನಾಡಿ 38. ಎಂಟು ಕಿ.ಮೀ., ಬರೀ ನಡಿಗೆ. ಹರಾಜಿನಲ್ಲಿ ಎಲ್ಲರೂ ಎತ್ತರದ ಕೆಂಪು ಕುದುರೆಯ ಹಿಂದೆ ಬಿದ್ದಾಗ ತಂಗಿ ಈ ಗಿಡ್ಡ ಹೆಣ್ಣುಕುದುರೆಯನ್ನು ಆರಿಸಿದ್ದಳು. ಗೊರಸು ನೋಡಿ, ಬೆನ್ನು ನೋಡಿ, ಓಡಿಸಿ ನಾಡಿ ಹಿಡಿದು. ಈಗ ತಂಗಿಗೆ ಸೊಂಟದ ಆಪರೇಷನ್. ಸೆಪ್ಟೆಂಬರ್‌ನ ಎಂಬತ್ತು ಕಿ.ಮೀ. ಓಟಕ್ಕೆ ಬೂದಿಯನ್ನು ಪಳಗಿಸುವುದು ನನ್ನ ಪಾಲು. ಫೋನಿನಲ್ಲಿ ಒಂದೇ ರಾಗ: "ಉಸಿರು ಬೇಗ ಕುದುರತ್ತೆ ಅಕ್ಕ, ಕಾಲು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಅವಸರ ಮಾಡ್ಬೇಡ."

ಏಪ್ರಿಲ್ 19
ನಲವತ್ತು ಕಿ.ಮೀ. ಹತ್ತೇ ನಿಮಿಷಕ್ಕೆ ನಾಡಿ 60ಕ್ಕೆ ಇಳಿಯಿತು. ಸವಾರಿ ಕ್ಲಬ್ಬಿನವರೆಲ್ಲ ತಿರುಗಿ ನೋಡಿದರು... ನನ್ನನ್ನು! ಜೂನ್ ಓಟಕ್ಕೇ ಹೆಸರು ಕೊಟ್ಟುಬಿಟ್ಟೆ. ತಂಗಿಗೆ, "ಇವತ್ತೂ ನಡಿಗೆನೇ" ಎಂದೆ.

ಮೇ 30
ಲಾಳ ಹೊಡೆಯುವವನು ಬಲ ಮುಂಗಾಲು ಸವರಿದ. "ಇಲ್ಲಿ ಬಿಸಿ ಇದೆ ಮೇಡಂ. ಮೂರು ವಾರ ರೆಸ್ಟ್ ಕೊಡಿ."
"ನೋಡೋಣ" ಎಂದೆ. ಕೊಡುವುದಿಲ್ಲವೆಂದು ಅವನಿಗೂ ಅರ್ಥವಾಯಿತು.

ಜೂನ್ 14, ಬೆಳಿಗ್ಗೆ 4.50
ಬೂದಿಯ ಕಾಲಿಗೆ ಐಸ್ ಕಟ್ಟಿದ್ದೇನೆ. ಬಿಸಿ ಇಳಿದಿದೆ. ಓಟಕ್ಕೆ ಮುಂಚಿನ ವೈದ್ಯರ ತಪಾಸಣೆಯೊಳಗೆ ಒರೆಸಬೇಕು — ಒದ್ದೆ ಕಾಣಬಾರದು.

ಮಧ್ಯಾಹ್ನ 2.30
ಬೂದಿ ಕುಂಟಿತು. ಚೆಕ್‌ಪಾಯಿಂಟ್ ಇನ್ನು ಎರಡೇ ಕಿ.ಮೀ. ಸುಧಾರಿಸಿಕೊಳ್ಳುತ್ತದೆ ಎಂದುಕೊಂಡೆ. ನಾನು ಬೆನ್ನಿನಿಂದ ಇಳಿಯಲಿಲ್ಲ. ಅದೂ ನಿಲ್ಲಲಿಲ್ಲ, ಪಾಪ, ಹೇಳಿದಲ್ಲಿಗೆ ಹೋಯಿತು.
ಚೆಕ್‌ಪಾಯಿಂಟಿನ ಪಶುವೈದ್ಯೆ ಕೇಳಿದರು, "ಮುಂಚೆ ಏನಾದ್ರೂ ಇತ್ತಾ?"
"ಇಲ್ಲ. ಕಲ್ಲು ತಾಗಿರ್ಬೇಕು."
ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಜೂನ್ 17
ಸ್ಕ್ಯಾನ್ ಬಂತು. ಸ್ನಾಯುರಜ್ಜು ಹರಿದಿದೆ. ಇನ್ನು ದೂರದ ಓಟ ಇಲ್ಲ, ಯಾವತ್ತೂ. ಓಟಕ್ಕೆ ಹೋದದ್ದನ್ನು, ಕಲ್ಲು ತಾಗಿತೆಂದು ತಂಗಿಗೆ ಹೇಳಿದೆ, ಐಸಿನ ವಿಷಯ ಬಿಟ್ಟು. ಅವಳು ನನ್ನನ್ನೇ ಸಮಾಧಾನ ಮಾಡಿದಳು: "ಕಲ್ಲು ತಾಗಿದ್ರೆ ನೀನೇನ್ ಮಾಡ್ತೀಯ, ಅಳ್ಬೇಡ." ಆ ಸಮಾಧಾನವನ್ನೂ ನಾಚಿಕೆಯಿಲ್ಲದೆ ತೆಗೆದುಕೊಂಡೆ.

ಜುಲೈ 9, ಸಂಜೆ
ತಂಗಿ ಊರುಗೋಲು ಹಿಡಿದು ಲಾಯಕ್ಕೆ ಬಂದಳು. ಬೂದಿ ಕತ್ತು ಚಾಚಿದ್ದು ನನ್ನತ್ತ. "ನೋಡು, ನಿನ್ನನ್ನೇ ಹಚ್ಕೊಂಡಿದೆ" ಎಂದು ನಕ್ಕಳು. ತಡೆಯಲಾಗಲಿಲ್ಲ. ಬಿಸಿ, ಐಸ್, ಕಲ್ಲು — ಎಲ್ಲ ಹೇಳಿದೆ.
ಬಯ್ಯಲಿಲ್ಲ. ಒಂದೇ ಪ್ರಶ್ನೆ. "ಕುಂಟಿದ ಮೇಲೆ ಎಷ್ಟು ದೂರ ಕೂತಿದ್ದೆ ಅದರ ಮೇಲೆ?"
"ಆರು ಕಿ.ಮೀ."
ಈ ಪುಸ್ತಕದಲ್ಲೂ ಎರಡು ಎಂದೇ ಬರೆದಿದ್ದೆ. ಯಾರೂ ಓದದ ಪುಸ್ತಕದಲ್ಲಿ.
"ಮನೆಗೆ ಹೋಗು" ಎಂದಳು.

ಜುಲೈ 10, ಬೆಳಿಗ್ಗೆ 5.55
ಬೂಟು ಹಾಕಿಕೊಂಡು ಕೂತಿದ್ದೇನೆ. ಹೋಗಲೋ ಬೇಡವೋ ತಿಳಿಯುತ್ತಿಲ್ಲ. ಬೂದಿಯ ಕಾಲಿನ ಪಟ್ಟಿ ಬಿಚ್ಚುವ ಹೊತ್ತು. ತಂಗಿಗೆ ಬಗ್ಗಲು ಆಗುವುದಿಲ್ಲ... ಫೋನ್. ಅವಳೇ. ಏನೆಂದರೂ ಸರಿ, ಈ ಸಲ ಒಂದು ಮಾತೂ ಮೀರುವುದಿಲ್ಲ.